ಅಮ್ಮನಿಗೆ 65: ಮೂಲ ಮೆಡಿಕೇರ್ ಒಳ್ಳೆಯದೋ, ಅಡ್ವಾಂಟೇಜ್ ಯೋಜನೆಯೋ?

ಪ್ರಶ್ನೆ: ಅಮೆರಿಕದಲ್ಲೇ ನೆಲೆಸಿರುವ ನನ್ನ ತಾಯಿಗೆ ಬರುವ ಮಾರ್ಚ್‌ನಲ್ಲಿ 65 ತುಂಬುತ್ತದೆ. ಅವರು ರಕ್ತದೊತ್ತಡಕ್ಕೆ ಎರಡು ಮಾತ್ರೆಗಳನ್ನೂ ಮಧುಮೇಹಕ್ಕೆ ಇನ್ಸುಲಿನ್ನನ್ನೂ ತೆಗೆದುಕೊಳ್ಳುತ್ತಾರೆ. ಮೂಲ ಮೆಡಿಕೇರ್ (ಮುಖ್ಯವಾಗಿ 65 ತುಂಬಿದವರಿಗೆ ಸರ್ಕಾರ ನಡೆಸುವ ಆರೋಗ್ಯ ವಿಮೆ) ಜೊತೆಗೆ ಮೆಡಿಗ್ಯಾಪ್ (ಖಾಸಗಿ ಕಂಪನಿಯ ಪೂರಕ ವಿಮೆ) ಮತ್ತು ಪಾರ್ಟ್ ಡಿ (ಔಷಧಿ ವಿಮೆ) ಪಡೆಯುವುದು ಲೇಸೋ, ಮೂಲ ಮೆಡಿಕೇರ್ ಬದಲು ಖಾಸಗಿ ಕಂಪನಿ ನಡೆಸುವ, ಔಷಧಿಯನ್ನೂ ಒಳಗೊಂಡ ಅಡ್ವಾಂಟೇಜ್ ಯೋಜನೆ ಲೇಸೋ, ತಿಳಿದವರು ದಯವಿಟ್ಟು ಹೇಳಿ.

ಉತ್ತರ 1: ‘ತಿಂಗಳ ಕಂತು ಸೊನ್ನೆ’ ಎಂಬ ಜಾಹೀರಾತಿಗೆ ಮರುಳಾಗಬೇಡಿ, ಅಂಥ ಅಡ್ವಾಂಟೇಜ್ ಯೋಜನೆಯಲ್ಲೂ ಪಾರ್ಟ್ ಬಿ (ವೈದ್ಯರ ಭೇಟಿ, ಹೊರರೋಗಿ ಚಿಕಿತ್ಸೆಗಳ ಮೆಡಿಕೇರ್ ಭಾಗ) ಕಂತನ್ನು ಸಾಮಾನ್ಯವಾಗಿ ಕಟ್ಟಲೇಬೇಕು. ಮೂಲ ಮೆಡಿಕೇರ್‌ನಲ್ಲಿ ವೈದ್ಯರ ಬಿಲ್ಲಿನ ಶೇ. 20ರಷ್ಟು ಸಾಮಾನ್ಯವಾಗಿ ನಮ್ಮ ಪಾಲಿಗೆ ಬರುತ್ತದೆ, ಅದಕ್ಕೆ ವಾರ್ಷಿಕ ಮಿತಿಯೂ ಇಲ್ಲ; ಆ ಹೊರೆಯನ್ನು ತಗ್ಗಿಸುವುದೇ ಮೆಡಿಗ್ಯಾಪ್. ಅಡ್ವಾಂಟೇಜ್‌ನಲ್ಲಿ ಮಿತಿಯಿದ್ದರೂ ನೆಟ್‌ವರ್ಕ್ (ಯೋಜನೆ ಒಪ್ಪುವ ವೈದ್ಯರು, ಆಸ್ಪತ್ರೆಗಳು) ಮತ್ತು ಪೂರ್ವಾನುಮತಿಯ (ಚಿಕಿತ್ಸೆಗೆ ಮೊದಲೇ ಕಂಪನಿಯ ಒಪ್ಪಿಗೆ) ಕಿರಿಕಿರಿ ಇರುತ್ತದೆ. 65 ತುಂಬಿ ಪಾರ್ಟ್ ಬಿ ಆರಂಭವಾದ 6 ತಿಂಗಳೊಳಗೆ ಮೆಡಿಗ್ಯಾಪ್ ಕೇಳಿದರೆ, ಮಧುಮೇಹದ ಕಾರಣ ನೀಡಿ ಕಂಪನಿ ನಿರಾಕರಿಸುವಂತಿಲ್ಲ. ನಂತರ ಹಲವು ರಾಜ್ಯಗಳಲ್ಲಿ ಆ ರಕ್ಷಣೆ ಸಿಗದು. ನಾನಾಗಿದ್ದರೆ ಈ ಒಂದೇ ಕಾರಣಕ್ಕೆ ಮೆಡಿಗ್ಯಾಪ್ ಆರಿಸುತ್ತಿದ್ದೆ.

ಉತ್ತರ 2: ಔಷಧಿಯ ಮಾತಿಗೆ ಬಂದರೆ, ಮೆಡಿಕೇರ್‌ನ ಅಧಿಕೃತ ತಾಣದಲ್ಲಿ ಪ್ರತಿ ಮಾತ್ರೆಯ ಹೆಸರು, ಪ್ರಮಾಣ ಮತ್ತು ನಿಮ್ಮ ಫಾರ್ಮಸಿಯನ್ನು ನಮೂದಿಸಿ ವರ್ಷದ ಒಟ್ಟು ಖರ್ಚನ್ನು ಹೋಲಿಸಿ. ನಮ್ಮ ತಂದೆಯವರಿಗೆ ಕಡಿಮೆ ಕಂತಿನ ಯೋಜನೆಯೇ ದುಬಾರಿಯಾಯಿತು, ಏಕೆಂದರೆ ಅವರ ಒಂದು ಮಾತ್ರೆ ಅದರ ಔಷಧಿ ಪಟ್ಟಿಯಲ್ಲಿ ಮೇಲಿನ ದರದ ಶ್ರೇಣಿಯಲ್ಲಿತ್ತು. ಪಟ್ಟಿಯಲ್ಲಿರುವ ಇನ್ಸುಲಿನ್‌ಗೆ ತಿಂಗಳಿಗೆ 35 ಡಾಲರ್‌ಗಿಂತ ಹೆಚ್ಚು ತೆರಬೇಕಿಲ್ಲ. ಪಟ್ಟಿಗಳು ವರ್ಷವರ್ಷವೂ ಬದಲಾಗುವುದರಿಂದ ಯೋಜನೆ ಬದಲಿಸಲು ಅವಕಾಶವಿರುವ ಅಕ್ಟೋಬರ್ 15ರಿಂದ ಡಿಸೆಂಬರ್ 7ರೊಳಗೆ ಮತ್ತೊಮ್ಮೆ ನೋಡಿಕೊಳ್ಳಿ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಇಂದು ರಾತ್ರಿಯೇ ಅಮ್ಮನ ಮಾತ್ರೆಯ ಡಬ್ಬಿಗಳನ್ನು ಮುಂದಿಟ್ಟುಕೊಂಡು ಕೂರುತ್ತೇನೆ.