ಟ್ರೇಲರ್ ಹೀಟರ್ ಬೈಪಾಸ್ ಗೊತ್ತಿರುವವರು ಸಹಾಯ ಮಾಡಿ

ಮಿನೆಸೋಟಾ ಕನ್ನಡಿಗರೇ, ಕ್ಯಾಂಪರ್ (ಒಳಗೆ ಉಳಿದುಕೊಳ್ಳುವ ಟ್ರೇಲರ್) ಇಟ್ಟುಕೊಂಡವರು ಯಾರಾದರೂ ಇದ್ದೀರಾ? ಹೋದ ಚಳಿಗಾಲ ನೀರಿನ ಟ್ಯಾಂಕ್ ಖಾಲಿ ಮಾಡಿ, ಪೈಪ್ ನೀರು ಇಳಿಸದೆ ಸುಮ್ನೆ ಬಿಟ್ಟಿದ್ದೆ. ಏಪ್ರಿಲ್‌ನಲ್ಲಿ ಪಂಪ್ ಹಾಕಿದರೆ ಟಾಯ್ಲೆಟ್ ಹಿಂದಿನ ಎಲ್ಬೋದಲ್ಲಿ (ಪೈಪ್ ತಿರುವಿನ ತುಂಡು) ಕೂದಲೆಳೆಯಷ್ಟು ಸೀಳು, ಅದರಿಂದ ನೀರು ಜಿನುಗಿ ನೆಲದ ಪ್ಲೈವುಡ್ ಉಬ್ಬಿಹೋಯಿತು. ತುಂಬಾ ಬೇಜಾರಾಯಿತು.

ಈ ಸಲ ಪೈಪ್ ನೀರೆಲ್ಲ ಇಳಿಸಿ, ನೀರು ಕಾಯಿಸುವ ಹೀಟರ್ ತಣ್ಣಗಾದ ಮೇಲೆ ಅದರ 6 ಗ್ಯಾಲನ್ ಟ್ಯಾಂಕನ್ನೂ ಖಾಲಿ ಮಾಡಿ, ಪಂಪ್‌ನಿಂದ ಪಿಂಕ್ ಆಂಟಿಫ್ರೀಜ್ ಎಳೆಸುತ್ತಿದ್ದೇನೆ (ಪೈಪ್ ಹೆಪ್ಪುಗಟ್ಟಿ ಒಡೆಯದಂತೆ ತುಂಬುವ ದ್ರವ; ಕಾರಿನದ್ದಲ್ಲ, ಅದು ವಿಷ). ಹೀಟರ್ ಹಿಂದೆ 3 ವಾಲ್ವ್ ಇವೆ. ತಣ್ಣೀರು, ಬಿಸಿನೀರಿನವನ್ನು ಮುಚ್ಚಿ ನಡುವಿನ ಬೈಪಾಸ್ ವಾಲ್ವ್ (ಹೀಟರ್ ಒಳಗೆ ಹೋಗದೆ ನೇರ ಬಿಸಿನೀರಿನ ಪೈಪ್‌ಗೆ ದಾಟಿಸುವುದು) ತೆರೆಯಬೇಕು ಅಲ್ವಾ? ಹಾಗೇ ಮಾಡಿದೆ. ತಣ್ಣೀರಿನ ನಲ್ಲಿಯಲ್ಲಿ ಪಿಂಕ್ ಚೆನ್ನಾಗಿ ಬಂತು, ಬಿಸಿನೀರಿನದರಲ್ಲಿ ಬರೀ ಗಾಳಿ. 2 ಗ್ಯಾಲನ್ ಮುಗಿಯಿತು. ವಾಲ್ವ್ ಪೂರ್ತಿ ಮುಚ್ಚದೆ ಎಲ್ಲ ಹೀಟರ್ ಒಳಗೇ ಹೋಗುತ್ತಿದೆಯಾ? ಹೇಗೆ ನೋಡುವುದು? ಶುಕ್ರವಾರದಿಂದ ಹಿಮಗಟ್ಟುವ ಚಳಿಯಂತೆ, ದಯವಿಟ್ಟು ಬೇಗ ಹೇಳಿ.