ಅಪ್‌ಡೇಟ್: ಸೋಲಾರ್ ಸಬ್ಸಿಡಿ ಬಂತು

ಮನೆ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದ್ರೆ ಕೇಂದ್ರ ಸರ್ಕಾರದ ಪಿಎಂ ಸೂರ್ಯ ಘರ್ ಯೋಜನೆ ಸಬ್ಸಿಡಿ ನಿಜಕ್ಕೂ ಕೈಗೆ ಸಿಗುತ್ತಾ ಅಂತ ಕೇಳಿದ್ದೆನಲ್ಲ, ಸಿಕ್ಕಿತು. ಪೂರ್ತಿ 78,000 ರೂಪಾಯಿ, ನೇರ ಬ್ಯಾಂಕ್ ಖಾತೆಗೆ. ಆದ್ರೆ ಮೊದಲು ಪೂರ್ತಿ ದುಡ್ಡು ನಾವೇ ಹೊಂದಿಸಬೇಕು. ಇನ್‌ಸ್ಪೆಕ್ಷನ್ ಮುಗಿದು ನೆಟ್ ಮೀಟರ್ (ನಾವು ಬಳಸಿದ ಕರೆಂಟು, ಲೈನಿಗೆ ವಾಪಸ್ ಕೊಟ್ಟ ಕರೆಂಟು ಎರಡನ್ನೂ ಅಳೆಯೋ ಮೀಟರ್) ಕೂತ ಮೇಲಷ್ಟೇ ಹಣ ಬರೋದು.

ನಮಗೆ ತಡವಾಗಿದ್ದು ಆರ್‌ಆರ್ ನಂಬರ್, ಅಂದ್ರೆ ಕರೆಂಟ್ ಕನೆಕ್ಷನ್, ಇನ್ನೂ ತಾತನ ಹೆಸರಲ್ಲಿದ್ದಿದ್ದಕ್ಕೆ. ಅರ್ಜಿ ಹಾಕೋರ ಹೆಸರು, ಕರೆಂಟ್ ಬಿಲ್ಲಿನ ಹೆಸರು ಒಂದೇ ಇರಬೇಕು. ಕನೆಕ್ಷನ್ ಹೆಸರು ಬದಲಾಯಿಸೋಕೆ ಓಡಾಡಿದ್ದೇ ದೊಡ್ಡ ಕೆಲಸ. ಪ್ಯಾನೆಲ್ ಕೂರಿಸಿದ್ದು ಅದರ ಮುಂದೆ ಏನೂ ಅಲ್ಲ.

ಕಡಿಮೆ ರೇಟು ಹೇಳಿದ ಒಬ್ಬ ಏಜೆಂಟ್ ಕೋಟೇಶನ್‌ನಲ್ಲಿ ಹೊರದೇಶದ ಸೆಲ್ ಇರೋ ಪ್ಯಾನೆಲ್ ತೋರಿಸಿದ್ದ. ಡಿಸಿಆರ್ ಪ್ಯಾನೆಲ್, ಅಂದ್ರೆ ಸೆಲ್ಲೂ ಪ್ಯಾನೆಲ್ಲೂ ಭಾರತದಲ್ಲೇ ತಯಾರಾಗಿರೋದು, ಅಲ್ಲದಿದ್ರೆ ಸಬ್ಸಿಡಿ ಇಲ್ಲ. ಪ್ಯಾನೆಲ್ ಡಿಸಿಆರ್ ಅಂತ ಬರಹದಲ್ಲೇ ಕೇಳಿ ಪಡೀರಿ.

2 ಕಿಲೋವ್ಯಾಟ್ ಸಾಕಾದೋರಿಗೆ 60,000 ಸಿಗುತ್ತೆ.