ಅಪ್‌ಡೇಟ್: 85 ಎಂಎಂ ಲೆನ್ಸ್‌ನ ಫೋಕಸ್ ಸರಿಯಾಯ್ತು

ಕಣ್ಣಿಗೆ ಫೋಕಸ್ ಮಾಡಿದರೂ ಕಿವಿ ಮಾತ್ರ ಚೂಪಾಗಿ ಬರುತ್ತದೆ, ಲೆನ್ಸ್ ಕೆಟ್ಟಿದೆಯಾ ಎಂದು ಕೇಳಿದ್ದೆ. ಲೆನ್ಸ್ ಕೆಟ್ಟಿಲ್ಲ!

ನೀವು ಹೇಳಿದಂತೆ ಮೊದಲು ಲೈವ್ ವ್ಯೂನಲ್ಲಿ, ಅಂದರೆ ಕ್ಯಾಮೆರಾದ ಹಿಂದಿನ ಪರದೆ ನೋಡಿ, ತೆಗೆದು ನೋಡಿದೆ. ಕಣ್ಣು ಸ್ಪಷ್ಟವಾಗಿ ಬಂತು. ಅಲ್ಲಿ ಫೋಕಸ್ ನೋಡುವುದು ಚಿತ್ರ ಹಿಡಿಯುವ ಸೆನ್ಸರೇ. ವ್ಯೂಫೈಂಡರ್‌ನಲ್ಲಿ ನೋಡಿ ತೆಗೆದಾಗ ಆ ಕೆಲಸ ಕ್ಯಾಮೆರಾದೊಳಗಿನ ಕನ್ನಡಿಯ ಕೆಳಗಿರುವ ಬೇರೆ ಸೆನ್ಸರ್‌ನದು. ಎರಡರ ನಡುವೆ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಎಫ್/1.8ರಲ್ಲಿ (ಲೆನ್ಸ್‌ನ ಕಿಂಡಿ ಅಗಲವಾಗಿ ತೆರೆದು, ಚೂಪಾಗಿ ಬರುವ ಭಾಗ ತೆಳುವಾದಾಗ) ಎದ್ದು ಕಾಣುತ್ತದೆ, ಅಲ್ವಾ?

ಈ ವ್ಯತ್ಯಾಸ ಸರಿಪಡಿಸಲು ಕ್ಯಾಮೆರಾ ಮೆನುವಿನಲ್ಲಿ ಪ್ಲಸ್-ಮೈನಸ್ ಸಂಖ್ಯೆ ಕೊಟ್ಟು ಫೋಕಸನ್ನು ಹಿಂದೆ ಮುಂದೆ ಸರಿಸುವ ಸೆಟ್ಟಿಂಗ್ ಇದೆ. ಅದಕ್ಕಾಗಿ ಟ್ರೈಪಾಡ್ ಹಾಕಿ, ಫೋಕಲ್ ಲೆಂತ್‌ನ (ನನ್ನ ಲೆನ್ಸ್‌ನ 85 ಎಂಎಂ) 50 ಪಟ್ಟು, ಅಂದರೆ 4.25 ಮೀಟರ್ ದೂರದಲ್ಲಿ ಫೋಕಸ್ ಪರೀಕ್ಷೆಯ ಚಾರ್ಟ್ ಇಟ್ಟೆ. ಪ್ರತಿ ಸಲವೂ ಫೋಕಸ್ ಕೆಡಿಸಿ, ಮತ್ತೆ ಹಿಡಿಸಿ ತೆಗೆದೆ. ಒಂದೇ ಚಿತ್ರ ನಂಬಬೇಡಿ. ನನಗೆ ಹತ್ತರಲ್ಲಿ ಎರಡು ಸುಮ್ನೆ ದಾರಿ ತಪ್ಪಿಸಿದವು. ಮೊದಲ ದಿನ ರಾತ್ರಿ ಬಲ್ಬ್ ಬೆಳಕಲ್ಲಿ ಮಾಡಿದ್ದು ಹಗಲಲ್ಲಿ ಹೊಂದಲೇ ಇಲ್ಲ. ಹಾಗಾಗಿ ಹಗಲು ಬೆಳಕಲ್ಲಿ ಪೂರ್ತಿ ಮತ್ತೆ ಮಾಡಿದೆ. ಫೋಕಸ್ ಹಿಂದೆ ಬೀಳುತ್ತಿದ್ದದ್ದರಿಂದ ಮೈನಸ್ ಕಡೆಗೆ ಹೋಗಬೇಕಿತ್ತು. ಕೊನೆಗೆ -7ರಲ್ಲಿ ನಿಂತಿತು.

ನನಗೆ ತುಂಬಾ ಆಶ್ಚರ್ಯವಾದದ್ದು ಇದು: ಅದೇ ಲೆನ್ಸನ್ನು ನನ್ನ ಎರಡನೇ ಕ್ಯಾಮೆರಾಗೆ ಹಾಕಿದರೆ +2 ಬೇಕಾಯ್ತು. ತಪ್ಪು ಲೆನ್ಸ್‌ನದೊಂದೇ ಅಲ್ಲ, ಲೆನ್ಸ್ ಮತ್ತು ಕ್ಯಾಮೆರಾದ ಜೋಡಿಯದು. ಪ್ರತಿ ಜೋಡಿಗೂ ಬೇರೆ ಬೇರೆ ನೋಡಲೇಬೇಕು.

ಜೂಮ್ ಲೆನ್ಸ್ ಇನ್ನೂ ಬಾಕಿ ಇದೆ. ನನ್ನ ಕ್ಯಾಮೆರಾದಲ್ಲಿ ಅದರ ಜೂಮ್‌ನ ಎರಡೂ ತುದಿಗೆ (ಅತಿ ಅಗಲ ನೋಟ, ಅತಿ ಹತ್ತಿರದ ನೋಟ) ಬೇರೆ ಬೇರೆ ಸಂಖ್ಯೆ ಕೊಡಬಹುದು. ಈ ವಾರ ಅದನ್ನೂ ಮಾಡುತ್ತೇನೆ. ಲೈವ್ ವ್ಯೂ ಪರೀಕ್ಷೆ ಹೇಳಿಕೊಟ್ಟವರಿಗೆ ತುಂಬಾ ಥ್ಯಾಂಕ್ಸ್.